ಎರಡನೆಯ ಹಗ್ಗ

ಒಬ್ಬ ಮನುಷ್ಯ ತನ್ನ ಪ್ರಾಣವನ್ನು ತಾನಾಗಿಯೇ ಅಪಾಯಕ್ಕೆ ಒಡ್ಡಿಕೊಂಡರೆ, 'ಯಾಕಪ್ಪಾ?' ಎಂದು ಕೇಳುವ ಅಧಿಕಾರ ಇನ್ನೊಬ್ಬರಿಗೆ ಇದೆಯೆ? ದಂಡಿಗೆ ಹೋಗುವ ಸೈನಿಕನನ್ನು ನಾವು ಹಾಗೆ ಕೇಳುವುದಿಲ್ಲ. ಸಮುದ್ರಕ್ಕೆ ಇಳಿಯುವ ಬೆಸ್ತನನ್ನೂ ಕೇಳುವುದಿಲ್ಲ. ಹೊಟ್ಟೆಪಾಡು ಎಂದು ಸುಮ್ಮನಾಗುತ್ತೇವೆ. ಆದರೆ ಯಾರ ಒತ್ತಾಯವೂ ಇಲ್ಲದೆ, ಸಂಬಳವೂ ಇಲ್ಲದೆ, ಭಾನುವಾರ ಬೆಳಗಾಗುವ ಮುಂಚೆ ಎದ್ದು ಕಡಿದಾದ ಒಂದು ಬಂಡೆಯ ಬುಡಕ್ಕೆ ಹೋಗಿ, ಜೊತೆಗೆ ಯಾರನ್ನೂ ಕರೆದುಕೊಳ್ಳದೆ ಅದನ್ನು ಏರತೊಡಗುವ ಯುವಕನ ಬಗ್ಗೆ ಏನು ಹೇಳೋಣ? ನೋಡಿದವರಲ್ಲಿ ಅರ್ಧ ಜನ ಅವನನ್ನು ಧೀರ ಎನ್ನುತ್ತಾರೆ, ಉಳಿದವರು ಹುಚ್ಚ ಎನ್ನುತ್ತಾರೆ. ಎರಡೂ ಆತುರದ ಮಾತುಗಳೆಂದು ನನಗೆ ತೋರುತ್ತದೆ. ಅವನು ಹೇಗೆ ಏರುತ್ತಿದ್ದಾನೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಪ್ರಶ್ನೆಯ ತಿರುಳು ಇರುವುದು ಆ 'ಹೇಗೆ' ಎಂಬುದರಲ್ಲಿಯೇ.

ಬಂಡೆ ಹತ್ತುವ ಕ್ರೀಡೆಯ ಸಾಮಾನ್ಯ ಪದ್ಧತಿ ಇಷ್ಟು. ಇಬ್ಬರು ಇರುತ್ತಾರೆ, ಒಂದು ಹಗ್ಗವಿರುತ್ತದೆ. ಒಬ್ಬ ಹತ್ತುತ್ತಾನೆ, ಇನ್ನೊಬ್ಬ ಕೆಳಗೆ ನಿಂತು, ತನ್ನ ಸೊಂಟಪಟ್ಟಿಗೆ ಸಿಕ್ಕಿಸಿದ ಒಂದು ಸಾಧನದ ಮೂಲಕ ಹಗ್ಗವನ್ನು ಬಿಡುತ್ತ, ಎಳೆಯುತ್ತ ಇರುತ್ತಾನೆ. ಮೇಲಿನವನು ಜಾರಿದರೆ ಕೆಳಗಿನವನು ಹಿಡಿಯುತ್ತಾನೆ. ಮೇಲಿನವನ ಪ್ರಾಣ ಕೆಳಗಿನವನ ಕೈಯಲ್ಲಿರುತ್ತದೆ ಎಂಬುದು ಇಲ್ಲಿ ಬರಿಯ ಮಾತಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಹಗ್ಗವೇ ಇಲ್ಲದೆ ಹತ್ತುವುದು. ಚಿತ್ರದುರ್ಗದ ಕೋಟೆಗೆ ಹೋದವರಲ್ಲಿ ಅನೇಕರು ಜ್ಯೋತಿರಾಜ್ ಅವರನ್ನು ನೋಡಿರಬಹುದು. ಜನ ಅವರನ್ನು ಕೋತಿರಾಜ್ ಎಂದೇ ಕರೆಯುತ್ತಾರೆ. ಕಲ್ಲಿನ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ, ಹಗ್ಗವಿಲ್ಲದೆ, ನಾವು ಮೆಟ್ಟಿಲು ಹತ್ತುವುದಕ್ಕಿಂತ ಬೇಗ ಹತ್ತಿಬಿಡುತ್ತಾರೆ. (ನಾವು ಕರ್ನಾಟಕ ಬಿಟ್ಟು ಚೆನ್ನೈಗೆ ಬಂದಿದ್ದೇವೆ, ಅವರು ತಮಿಳುನಾಡಿನ ತೇನಿ ಕಡೆಯಲ್ಲಿ ಹುಟ್ಟಿ ಚಿತ್ರದುರ್ಗದವರಾಗಿದ್ದಾರೆ. ವಲಸೆಯ ಲೆಕ್ಕ ಹೀಗೆ ಎರಡೂ ಕಡೆಗೆ ಸರಿಹೋಗುತ್ತದೆ.) ಪಶ್ಚಿಮದಲ್ಲಿ ಇದೇ ದಾರಿಯ ಅತ್ಯಂತ ಪ್ರಸಿದ್ಧ ಹೆಸರು ಅಲೆಕ್ಸ್ ಹೊನಾಲ್ಡ್. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಎಲ್ ಕ್ಯಾಪಿಟನ್ ಎಂಬ ಸುಮಾರು 3,000 ಅಡಿ ಎತ್ತರದ ಬಂಡೆಯನ್ನು ಆತ 2017ರ ಜೂನ್ 3ರಂದು ಹಗ್ಗವಿಲ್ಲದೆ ನಾಲ್ಕು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ಏರಿದ. ಆ ಸಾಹಸದ ಚಲನಚಿತ್ರಕ್ಕೆ 2019ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂತು.

ನಾನು ಹೇಳಹೊರಟಿರುವುದು ಈ ಎರಡರ ನಡುವೆ ಇರುವ ಮೂರನೆಯ ಬಗೆಯವರನ್ನು ಕುರಿತು. ಇವರಿಗೆ ಹಗ್ಗವಿದೆ, ಆದರೆ ಅದನ್ನು ಹಿಡಿಯುವ ಇನ್ನೊಬ್ಬನಿಲ್ಲ. ಇವರಿಗೆ ಚಪ್ಪಾಳೆ ಕಡಿಮೆ, ಚಲನಚಿತ್ರ ಇನ್ನೂ ಕಡಿಮೆ. ಆದರೆ ನೀತಿಯ ದೃಷ್ಟಿಯಿಂದ ವಿಚಾರ ಮಾಡುವವನಿಗೆ ಇವರಷ್ಟು ಸ್ವಾರಸ್ಯಕರ ಮನುಷ್ಯರು ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ.

ಇದರಲ್ಲಿ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ, ಬಂಡೆಯ ಹಿಂಬದಿಯ ಸುಲಭದ ದಾರಿಯಿಂದ ಮೇಲಕ್ಕೆ ಹೋಗಿ, ಅಲ್ಲಿ ಗಟ್ಟಿಯಾದ ಆಧಾರಗಳಿಗೆ ಹಗ್ಗವನ್ನು ಕಟ್ಟಿ ಕೆಳಕ್ಕೆ ಇಳಿಬಿಡುತ್ತಾರೆ. ಅನಂತರ ಬುಡದಿಂದ ಹತ್ತುತ್ತಾರೆ. ಸೊಂಟದಲ್ಲಿರುವ ಪುಟ್ಟ ಲೋಹದ ಸಾಧನ ಹಗ್ಗದ ಮೇಲೆ ಮೇಲ್ಮುಖವಾಗಿ ಜಾರುತ್ತದೆ, ಕೆಳಮುಖವಾಗಿ ಕಚ್ಚಿಕೊಳ್ಳುತ್ತದೆ. ಎರಡನೆಯ ವಿಧಾನ ಇನ್ನೂ ಕಷ್ಟದ್ದು. ಹಗ್ಗದ ಒಂದು ತುದಿಯನ್ನು ಬುಡದಲ್ಲಿ ಕಟ್ಟಿ, ಹತ್ತುವವನು ತಾನೇ ಹಗ್ಗವನ್ನು ಬಿಟ್ಟುಕೊಳ್ಳುತ್ತ, ದಾರಿಯುದ್ದಕ್ಕೂ ಬಂಡೆಯ ಬಿರುಕುಗಳಲ್ಲಿ ಕೊಂಡಿ ಸಿಕ್ಕಿಸುತ್ತ ಹೋಗಬೇಕು. ಹಗ್ಗ ಮುಗಿಯುವಷ್ಟು ಎತ್ತರ ಮುಟ್ಟಿದ ಮೇಲೆ ಅಲ್ಲಿ ಕಟ್ಟಿ, ಕೆಳಗಿಳಿದು ಬುಡದ ಗಂಟು ಬಿಚ್ಚಿ, ಸಿಕ್ಕಿಸಿದ ಕೊಂಡಿಗಳನ್ನೆಲ್ಲ ಕಳಚುತ್ತ ಮತ್ತೆ ಮೇಲಕ್ಕೆ ಬರಬೇಕು. ಅಂದರೆ ಅದೇ ಬಂಡೆಯನ್ನು ಎರಡು ಸಲ ಏರಿ ಒಂದು ಸಲ ಇಳಿದ ಹಾಗಾಯಿತು. 1968ರಲ್ಲಿ ರಾಯಲ್ ರಾಬಿನ್ಸ್ ಎಂಬಾತ ಎಲ್ ಕ್ಯಾಪಿಟನ್ ಬಂಡೆಯನ್ನು ಮೊಟ್ಟಮೊದಲ ಬಾರಿಗೆ ಒಂಟಿಯಾಗಿ ಹತ್ತಿದಾಗ, ಹೀಗೆ ಹಗ್ಗದ ಜೊತೆ ಹೆಣಗುತ್ತ ಸುಮಾರು ಹತ್ತು ದಿನ ತೆಗೆದುಕೊಂಡ. ದಾರಿ ಬೇರೆ, ಕಾಲ ಬೇರೆ. ಆದರೂ ಹತ್ತು ದಿನಕ್ಕೂ ನಾಲ್ಕು ಗಂಟೆಗೂ ಇರುವ ಅಂತರ ಗಮನಿಸತಕ್ಕದ್ದು.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ನನ್ನ ಅಕ್ಕನ ಮಗನಿಂದ. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ರಾಮನಗರದ ಸುತ್ತಿನ ಬಂಡೆಗಳಿಗೆ ಗೆಳೆಯರೊಂದಿಗೆ ಹೋಗುತ್ತಿದ್ದವನು, ಗೆಳೆಯರಿಗೆ ಮದುವೆ ಮಕ್ಕಳು ಆದ ಮೇಲೆ ಒಬ್ಬನೇ ಹೋಗತೊಡಗಿದ. (ಆ ಕಲ್ಲಿಗೆ ಭೂಗರ್ಭ ಶಾಸ್ತ್ರದಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರು. ಕ್ಲೋಸ್‌ಪೇಟ್ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷದ ಕಲ್ಲು. ಅದಕ್ಕೆ ಯಾವ ಆತುರವೂ ಇಲ್ಲ.) ಅಕ್ಕ ಫೋನು ಮಾಡಿ, "ನೀನಾದರೂ ಅವನಿಗೆ ಬುದ್ಧಿ ಹೇಳು, ನನ್ನ ಮಾತು ಕೇಳುವುದಿಲ್ಲ" ಎಂದಳು. ನಾನು ಕೇಳಿದೆ. ಅವನು, "ಮಾಮ, ನೀವು ಭಯಪಡಬೇಡಿ. ನಾನು ಎರಡು ಹಗ್ಗ ಕಟ್ಟುತ್ತೇನೆ" ಎಂದ. ಎರಡನೆಯದು ಯಾತಕ್ಕೆ ಎಂದೆ. "ಮೊದಲನೆಯದನ್ನು ಕಟ್ಟಿದವನೂ ನಾನೇ ಅಲ್ಲವೆ, ಅದಕ್ಕೆ" ಎಂದ.

ಉತ್ತರ ಉಡಾಫೆಯದೆಂದು ಆಗ ಅನ್ನಿಸಿತು. ಅನಂತರ ಯೋಚಿಸಿದಂತೆಲ್ಲ ಅದರಲ್ಲಿ ಅರ್ಥವಿದೆಯೆಂದು ಕಂಡಿತು.

ಶ್ರೀವೈಷ್ಣವರ ಎರಡು ಪಂಗಡಗಳು ನಮ್ಮ ಚೆನ್ನೈ ವಾಚಕರಿಗೆ ಅಪರಿಚಿತವಲ್ಲ. ತಿರುವಲ್ಲಿಕ್ಕೇಣಿಯಲ್ಲಿ, ಕಾಂಚೀಪುರದಲ್ಲಿ ನಾಮದ ಆಕಾರ ನೋಡಿಯೇ ಗುರುತಿಸಬಹುದು. ಅವರ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಎಲ್ಲರಿಗೂ ತಿಳಿದದ್ದೇ. ಅವರ ತಾತ್ತ್ವಿಕ ಭೇದವನ್ನು ಹಿರಿಯರು ಎರಡು ಪ್ರಾಣಿಗಳ ಮೂಲಕ ವಿವರಿಸುತ್ತಿದ್ದರು. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಂಡಿರುತ್ತದೆ. ಕೈ ಬಿಟ್ಟರೆ ಬೀಳುತ್ತದೆ. ಇದು ಮರ್ಕಟಕಿಶೋರ ನ್ಯಾಯ. ವೇದಾಂತ ದೇಶಿಕರ ಪರಂಪರೆಯ ವಡಗಲೆಯವರದು. ಬೆಕ್ಕಿನ ಮರಿಯಾದರೋ ಸುಮ್ಮನೆ ಇರುತ್ತದೆ. ತಾಯಿಯೇ ಕುತ್ತಿಗೆಯನ್ನು ಮೃದುವಾಗಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಇದು ಮಾರ್ಜಾಲಕಿಶೋರ ನ್ಯಾಯ. ಪಿಳ್ಳೈ ಲೋಕಾಚಾರ್ಯರ ಪರಂಪರೆಯ ತೆಂಗಲೆಯವರದು. ಮೋಕ್ಷದ ವಿಷಯದಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಆದರೆ ಬಂಡೆಯ ವಿಷಯದಲ್ಲಿ ಈ ಹೋಲಿಕೆ ಬಹಳ ದೂರ ಬರುತ್ತದೆ.

ಹಗ್ಗವಿಲ್ಲದೆ ಹತ್ತುವವನು ಕೋತಿಮರಿ. ಅವನ ಹಿಡಿತವೇ ಅವನ ಪ್ರಾಣ. ಜೊತೆಗಾರನ ಹಗ್ಗವನ್ನು ನಂಬಿದವನು, ಹತ್ತುವಾಗ ಕೋತಿಮರಿಯಾದರೂ, ಬೀಳುವ ಕ್ಷಣದಲ್ಲಿ ಬೆಕ್ಕಿನ ಮರಿಯಾಗುತ್ತಾನೆ. ಅವನು ಏನೂ ಮಾಡಬೇಕಾಗಿಲ್ಲ, ಇನ್ನೊಬ್ಬ ಹಿಡಿಯುತ್ತಾನೆ. ಹಗ್ಗದೊಡನೆ ಒಂಟಿಯಾಗಿ ಹೋಗುವವನ ಪಾಡು ವಿಚಿತ್ರ. ಅವನಿಗೆ ತಾಯಿಯಿಲ್ಲ. ಆದರೆ ತನ್ನ ಕೈ ಜಾರಬಹುದೆಂದೂ ಅವನಿಗೆ ಗೊತ್ತು. ಆದ್ದರಿಂದ ಅವನು ಹತ್ತುವುದಕ್ಕೆ ಮುಂಚೆಯೇ, ನೂಲಿನಿಂದಲೂ ಲೋಹದಿಂದಲೂ ತನಗೊಂದು ತಾಯಿಯನ್ನು ಮಾಡಿಕೊಳ್ಳಬೇಕು. ಹಗ್ಗವಿಲ್ಲದವನು 'ನಾನು ತಪ್ಪುವುದಿಲ್ಲ' ಎನ್ನುತ್ತಾನೆ. ಇವನು, 'ನಾನು ತಪ್ಪುತ್ತೇನೆ, ತಪ್ಪಿದಾಗ ನೋಡುವವರು ಇರುವುದಿಲ್ಲ' ಎನ್ನುತ್ತಾನೆ. ಎರಡನೆಯ ಮಾತು ಹೇಳುವುದು ಹೆಚ್ಚು ಕಷ್ಟ.

ಈಗ ಆ ತಾಯಿಯನ್ನು ಮಾಡಿಕೊಳ್ಳುವ ಬಗೆಯನ್ನು ಸ್ವಲ್ಪ ನೋಡೋಣ. ಹಗ್ಗ ಕಚ್ಚುವ ಸಾಧನ ಎಷ್ಟೇ ಒಳ್ಳೆಯದಾಗಿದ್ದರೂ ಕೆಲವು ಸಂದರ್ಭಗಳಲ್ಲಿ ಕಚ್ಚದೆ ಹೋಗಬಹುದು. ಅಂಗಿಯ ಅಂಚು ಅದರ ಬಾಯಿಗೆ ಸಿಕ್ಕಬಹುದು. ಸಣ್ಣ ಕಲ್ಲಿನ ಚೂರು ಸೇರಬಹುದು. ದೇಹಕ್ಕೂ ಬಂಡೆಗೂ ನಡುವೆ ಒತ್ತಿಕೊಂಡು ಅದರ ನಾಲಿಗೆ ತೆರೆದೇ ಉಳಿಯಬಹುದು. ಗಾಬರಿಯಲ್ಲಿ ಮನುಷ್ಯನೇ ಅದನ್ನು ಕೈಯಿಂದ ಹಿಡಿದುಬಿಡಬಹುದು. ಗ್ರಿಗ್ರಿ ಎಂಬ ಹೆಸರಿನ ಸಾಧನವನ್ನು ಒಂಟಿಯಾಗಿ ಹತ್ತುವವರು ಬಹಳ ಮಂದಿ ಬಳಸುತ್ತಾರೆ, ಆದರೆ ಅದನ್ನು ಮಾಡಿದ್ದು ಇಬ್ಬರ ಪದ್ಧತಿಗಾಗಿ. ಆದ್ದರಿಂದ ಅನುಭವಸ್ಥರು ಒಂದು ಸಾಧನವನ್ನೇ ನಂಬುವುದಿಲ್ಲ. ಹತ್ತು ಹದಿನೈದು ಅಡಿಗೊಮ್ಮೆ ನಿಂತು, ಕೆಳಗಿರುವ ಸಡಿಲ ಹಗ್ಗದಲ್ಲಿ ಎಂಟರ ಆಕಾರದ ಗಂಟೊಂದನ್ನು ಹಾಕಿ, ಅದನ್ನು ಸೊಂಟದ ಕೊಂಡಿಗೆ ಸಿಕ್ಕಿಸುತ್ತಾರೆ. ಸಾಧನ ಕೈಕೊಟ್ಟರೂ ಆ ಗಂಟಿನ ಆಚೆಗೆ ಬೀಳಲಾಗದು. ಇಲ್ಲವೇ ಎರಡು ಬೇರೆ ಹಗ್ಗಗಳನ್ನು ಬೇರೆ ಬೇರೆ ಆಧಾರಗಳಿಗೆ ಕಟ್ಟಿ, ಒಂದೊಂದರ ಮೇಲೂ ಒಂದೊಂದು ಸಾಧನವನ್ನು ಇಡುತ್ತಾರೆ.

'ಬೇರೆ' ಎಂಬ ಶಬ್ದವನ್ನು ನಾನು ಬೇಕೆಂದೇ ಎರಡೆರಡು ಸಲ ಬಳಸಿದೆ. ಕಾಲೇಜಿನಲ್ಲಿ ಸಂಭವನೀಯತೆಯ ಪಾಠ ಓದಿದವರಿಗೆ ಇದು ಹೊಸದಲ್ಲ. ಲೆಕ್ಕಕ್ಕೆ ಹೀಗೆ ಹಿಡಿಯೋಣ: ಒಂದು ಸಾಧನ 1,000 ಸಲದಲ್ಲಿ ಒಂದು ಸಲ ಕೈಕೊಡುತ್ತದೆ. ಎರಡು ಸಾಧನಗಳಿದ್ದರೆ, ಎರಡೂ ಒಟ್ಟಿಗೆ ಕೈಕೊಡುವುದು 10 ಲಕ್ಷದಲ್ಲಿ ಒಂದು ಸಲ. ಕೇಳಲು ಬಹಳ ಹಿತವಾದ ಲೆಕ್ಕ. ಆದರೆ ಈ ಗುಣಾಕಾರ ಸರಿಯಾಗುವುದು ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದಿದ್ದಾಗ ಮಾತ್ರ. ಎರಡು ಸಾಧನಗಳೂ ಒಂದೇ ಹಗ್ಗದ ಮೇಲಿದ್ದು, ಆ ಹಗ್ಗ ಬಂಡೆಯ ಚೂಪಾದ ಅಂಚಿಗೆ ಉಜ್ಜಿ ತುಂಡಾದರೆ, ಅಲ್ಲಿ ಎರಡಲ್ಲ, ಹತ್ತು ಸಾಧನಗಳಿದ್ದರೂ ಒಂದೇ. ಎರಡು ಹಗ್ಗಗಳನ್ನೂ ಒಂದೇ ಮರಕ್ಕೆ ಕಟ್ಟಿದರೂ ಅಷ್ಟೆ. ಒಂದೇ ತೊಲೆಗೆ ಎಷ್ಟು ತೊಟ್ಟಿಲು ಕಟ್ಟಿದರೂ ತೊಲೆ ಮುರಿದರೆ ಎಲ್ಲವೂ ನೆಲಕ್ಕೆ. ಎರಡನೆಯ ರಕ್ಷಣೆ ಮೊದಲನೆಯದರ ನಕಲಾಗಿದ್ದರೆ ಅದು ಮನಸ್ಸಿಗೆ ಸಮಾಧಾನ ಕೊಡುತ್ತದೆ, ಪ್ರಾಣಕ್ಕೆ ಕೊಡುವುದಿಲ್ಲ.

ಸರ್ಕಾರಿ ಕೆಲಸದಲ್ಲಿರುವವರಿಗೆ ಈ ತತ್ತ್ವ ಬೇರೊಂದು ರೂಪದಲ್ಲಿ ಗೊತ್ತು. ಖಜಾನೆಯ ಭದ್ರವಾದ ಕೋಣೆಗೆ ಎರಡು ಬೀಗಗಳಿರುತ್ತವೆ. ಒಂದರ ಕೀಲಿ ಖಜಾನೆ ಅಧಿಕಾರಿಯ ಬಳಿ, ಇನ್ನೊಂದರದು ಖಜಾಂಚಿಯ ಬಳಿ. ಬೀಗ ಗಟ್ಟಿಯಾಗಿರಲಿ ಎಂದು ಎರಡು ಹಾಕಿದ್ದಲ್ಲ. ಇಬ್ಬರು ಮನುಷ್ಯರು ಬೇಕು ಎಂದು ಹಾಕಿದ್ದು. ಎರಡು ಕೀಲಿಯೂ ಒಬ್ಬನ ಜೇಬಿನಲ್ಲಿದ್ದರೆ ಅದು ಒಂದೇ ಬೀಗ. ನನ್ನ ಅಳಿಯನಂಥವರ ಕಷ್ಟ ಇಲ್ಲಿಯೇ ಇರುವುದು. ಬಂಡೆಯ ಮೇಲೆ ಎರಡು ಕೀಲಿಯೂ ಅವನ ಜೇಬಿನಲ್ಲಿಯೇ ಇವೆ. ಹಾಗಾದರೆ ಎರಡನೆಯ ಮನುಷ್ಯ ಎಲ್ಲಿಂದ ಬರಬೇಕು?

ಎರಡನೆಯ ಮನುಷ್ಯ ಎಷ್ಟು ಬೇಕು ಎಂಬುದಕ್ಕೆ ಲಿನ್ ಹಿಲ್ ಅವರ ಪ್ರಸಂಗವೇ ಸಾಕ್ಷಿ. ಆಕೆ ತನ್ನ ಕಾಲದ ಅತ್ಯುತ್ತಮ ಆರೋಹಿಗಳಲ್ಲಿ ಒಬ್ಬಳು. 1989ರಲ್ಲಿ ಫ್ರಾನ್ಸಿನ ಬ್ಯೂ ಎಂಬಲ್ಲಿ, ಹಗ್ಗವನ್ನು ಸೊಂಟಪಟ್ಟಿಯೊಳಗೆ ತೂರಿಸಿ, ಗಂಟು ಹಾಕುವುದನ್ನು ಅರ್ಧಕ್ಕೆ ಬಿಟ್ಟು ಬೂಟು ಕಟ್ಟಿಕೊಳ್ಳಲು ಹೋದಳು. ಮೇಲಂಗಿ ಗಂಟಿನ ಜಾಗವನ್ನು ಮುಚ್ಚಿತ್ತು. ಹತ್ತಿ ಮುಗಿಸಿ, ಇಳಿಯಲೆಂದು ಹಗ್ಗಕ್ಕೆ ಭಾರ ಬಿಟ್ಟಾಗ ಹಗ್ಗ ಕಳಚಿಕೊಂಡಿತು. ಸುಮಾರು 70 ಅಡಿ ಬಿದ್ದಳು. ಮರದ ಕೊಂಬೆಗಳು ತಡೆದದ್ದರಿಂದ ಬದುಕಿದಳು. ಆಕೆಗೆ ಗಂಟು ಹಾಕಲು ಬಾರದೆ ಹೋಯಿತೆ? ಸಾವಿರಾರು ಸಲ ಹಾಕಿದ ಗಂಟು. ಸಾವಿರಾರು ಸಲ ಹಾಕಿದ್ದರಿಂದಲೇ ಕೈ ಅದನ್ನು ಮನಸ್ಸಿಗೆ ಒಪ್ಪಿಸದೆ ಮಾಡುತ್ತಿತ್ತು. ಅಂದು ಆಕೆಯ ಹಗ್ಗ ಹಿಡಿಯಲು ಕೆಳಗೆ ಜೊತೆಗಾರನೂ ಇದ್ದ. ಹೊರಡುವ ಮುನ್ನ ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡುವ ಪದ್ಧತಿ ಇರುವುದು ಇದಕ್ಕಾಗಿಯೇ. ಒಂಟಿ ಹೋಗುವವನಿಗೆ ಆ ಇನ್ನೊಂದು ಕಣ್ಣೇ ಇಲ್ಲ.

ಕಣ್ಣು ಇದ್ದರೂ ಸಾಲದು ಎಂಬುದಕ್ಕೆ ಟಾಡ್ ಸ್ಕಿನ್ನರ್ ಉದಾಹರಣೆ. 2006ರ ಅಕ್ಟೋಬರಿನಲ್ಲಿ ಯೊಸೆಮಿಟಿಯಲ್ಲಿ ಹಗ್ಗದಿಂದ ಇಳಿಯುತ್ತಿದ್ದಾಗ ಆತನ ಸೊಂಟಪಟ್ಟಿಯ ಮುಂಭಾಗದ ಕುಣಿಕೆ ಹರಿದು ಆತ ತೀರಿಕೊಂಡ. ಅದು ಸವೆದಿದೆ ಎಂದು ಆತನಿಗೆ ಗೊತ್ತಿತ್ತು. ಹೊಸದಕ್ಕೆ ಹೇಳಿಯೂ ಆಗಿತ್ತು. ಹೊಸದು ಬರುವವರೆಗೆ ಹಳೆಯದರಲ್ಲಿ ನಡೆಸೋಣ ಎಂಬ ಮಾತು ನಮ್ಮ ಮನೆಗಳಲ್ಲಿ ದಿನಾ ಕೇಳಿಬರುವಂಥದು.

ಹಾಗಾದರೆ ಎರಡನೆಯ ಮನುಷ್ಯನ ಪ್ರಶ್ನೆಗೆ ಉತ್ತರವೇನು? ನನಗೆ ತೋರುವುದು ಇಷ್ಟು. ಒಂಟಿ ಆರೋಹಿಯ ಜೊತೆಗಾರ ನಿನ್ನೆಯ ಅವನೇ. ಶನಿವಾರ ರಾತ್ರಿ, ಊಟ ಮಾಡಿ, ನೆಲದ ಮೇಲೆ ಹಗ್ಗ ಹರಡಿಕೊಂಡು, ಅಂಗುಲ ಅಂಗುಲವಾಗಿ ಬೆರಳಿನಿಂದ ತಡವಿ ನೋಡುವ ಮನುಷ್ಯನೊಬ್ಬ. ಭಾನುವಾರ ಮಧ್ಯಾಹ್ನ ಬಿಸಿಲಿನಲ್ಲಿ, ಬೆರಳು ನಡುಗುತ್ತ, 'ಇನ್ನು ಹತ್ತೇ ಅಡಿ, ಈ ಗಂಟು ಬೇಡ' ಎನ್ನುವ ಮನುಷ್ಯ ಇನ್ನೊಬ್ಬ. ಹೆಸರು ಒಂದೇ ಆದರೂ ಇವರು ಇಬ್ಬರು. 'ಹತ್ತು ಅಡಿಗೊಂದು ಗಂಟು, ಏನೇ ಆಗಲಿ' ಎಂದು ಮೊದಲನೆಯವನು ನಿಯಮ ಮಾಡುತ್ತಾನೆ. ಎರಡನೆಯವನಿಗೆ ಅದನ್ನು ತಿದ್ದುವ ಅಧಿಕಾರವಿಲ್ಲ. ತನಗೆ ತಾನೇ ಬಂಧು, ತನಗೆ ತಾನೇ ಶತ್ರು ಎಂಬ ಗೀತೆಯ ಮಾತನ್ನು ನಾವು ಪಾರಾಯಣದಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಬಂಡೆಯ ಮೇಲೆ ಅದು ಹತ್ತಡಿಗೊಮ್ಮೆ ಪರೀಕ್ಷೆಗೆ ಬರುತ್ತದೆ.

ಈ ಪರೀಕ್ಷೆ ಕಠಿಣವಾಗಲು ಇನ್ನೊಂದು ಕಾರಣವಿದೆ. ರಕ್ಷಣೆಯ ಗಂಟು ನೂರು ಸಲದಲ್ಲಿ ನೂರು ಸಲವೂ ಕೆಲಸಕ್ಕೆ ಬಾರದೆ ಹೋಗಬಹುದು. ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುವುದೇ ಅದರ ವಿಧಿ. ಉಪಯೋಗಕ್ಕೆ ಬಾರದ ವಸ್ತುವನ್ನು ಮನಸ್ಸು ವ್ಯರ್ಥವೆಂದು ಎಣಿಸುತ್ತದೆ. ನೂರೊಂದನೆಯ ಸಲ ಅದನ್ನು ಬಿಡುತ್ತಾನೆ, ಆಗಲೂ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅಪಾಯದ ಅತ್ಯಂತ ಕೆಟ್ಟ ಉಪಾಧ್ಯಾಯ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಬಹುದು. ಕೆಳಗೆ ಬಲೆ ಕಟ್ಟಿದರೆ ಮನುಷ್ಯ ಮೈಮರೆಯುತ್ತಾನೆ. ಹಿಂದಿರುಗುವ ದಾರಿ ಇಲ್ಲದವನೇ ಪೂರ್ಣಮನಸ್ಸಿನಿಂದ ಹೋರಾಡುತ್ತಾನೆ ಎಂದು. ಸಿಂಹಗಡದ ಕಥೆ ಕೇಳಿದವರಿಗೆ ಇದು ನೆನಪಾಗಬೇಕು. 1670ರಲ್ಲಿ ತಾನಾಜಿ ಮಾಲುಸರೆ ಕೋಟೆಯ ಕಡಿದಾದ ಬಂಡೆಯನ್ನು ಉಡಕ್ಕೆ ಕಟ್ಟಿದ ಹಗ್ಗದಿಂದ ಹತ್ತಿಸಿದನೆಂದೂ, ಅವನು ಬಿದ್ದಾಗ ಸೈನಿಕರು ಹಿಂದೆ ಓಡತೊಡಗಲು, ಅವನ ತಮ್ಮ ಸೂರ್ಯಾಜಿ ಆ ಹಗ್ಗವನ್ನೇ ಕತ್ತರಿಸಿಬಿಟ್ಟನೆಂದೂ ಹೇಳುತ್ತಾರೆ. ಉಡದ ಭಾಗ ದಂತಕಥೆಯೇ ಇರಬೇಕು. (ನಮ್ಮ ಮುಧೋಳ, ಸೊಂಡೂರುಗಳ ಘೋರ್ಪಡೆ ಮನೆತನದ ಹೆಸರಿಗೂ ಇಂಥದೇ ಉಡದ ಕಥೆಯಿದೆ. 'ಉಡದ ಹಿಡಿತ' ಎಂಬ ಮಾತಂತೂ ನಮ್ಮಲ್ಲಿ ಮಕ್ಕಳಿಗೂ ಗೊತ್ತು.) ಆದರೆ ಹಗ್ಗ ಕತ್ತರಿಸಿದ ಭಾಗವನ್ನು ಜನ ಮೆಚ್ಚಿ ಹೇಳುತ್ತಾರೆ. ಯುದ್ಧಕ್ಕೆ ಆ ನ್ಯಾಯ ಸರಿಯಿರಬಹುದು. ಅಲ್ಲಿ ಹಿಂತಿರುಗದಿರುವುದೇ ಉದ್ದೇಶ. ಬಂಡೆ ಯಾರ ಶತ್ರುವೂ ಅಲ್ಲ, ಅಲ್ಲಿ ಗೆಲ್ಲಬೇಕಾದ ಕೋಟೆಯೂ ಇಲ್ಲ. ಹತ್ತಿದವನು ಸಾಯಂಕಾಲ ಮನೆಗೆ ಬರುವುದೂ ಆ ಕೆಲಸದ ಒಂದು ಭಾಗ.

ಇನ್ನು ಮೈಮರೆವಿನ ಮಾತು. ಹಗ್ಗವಿದೆ ಎಂದು ಕೆಲವರು ಅಜಾಗರೂಕರಾಗುವುದು ನಿಜ. ಆದರೆ ಹೊನಾಲ್ಡನ ವಿಷಯದಲ್ಲಿ ಜನ ಮರೆಯುವ ಸಂಗತಿ ಒಂದಿದೆ. ಆ ನಾಲ್ಕು ಗಂಟೆಗಳ ಹಿಂದೆ ಅದೇ ಬಂಡೆಯ ಮೇಲೆ ಹಗ್ಗ ಕಟ್ಟಿಕೊಂಡು ಮಾಡಿದ ದೀರ್ಘಕಾಲದ ಅಭ್ಯಾಸವಿತ್ತು. 2016ರಲ್ಲಿ ಒಮ್ಮೆ ಹೊರಟವನು, ಮನಸ್ಸು ಒಪ್ಪದೆ, ಅರ್ಧಕ್ಕೇ ಬಿಟ್ಟು ಹಿಂದಿರುಗಿದ್ದ. ಚಿತ್ರೀಕರಣದವರು ಕಾಯುತ್ತಿದ್ದರೂ ಹಿಂದಿರುಗಿದ. ನನಗೆ ಆ ಹಿಂದಿರುಗಿದ್ದೇ ಹೆಚ್ಚಿನದೆನ್ನಿಸುತ್ತದೆ. ಆತನ ಸಾಮರ್ಥ್ಯವನ್ನು ಮೆಚ್ಚುತ್ತೇನೆ, ಆತ ಮಾಡಿದ್ದನ್ನು ಒಪ್ಪುವುದಿಲ್ಲ. ಮೆಚ್ಚುವುದೂ ಒಪ್ಪುವುದೂ ಬೇರೆ ಬೇರೆ ಎಂದು ನಾವು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ಎರಡನೆಯ ಹಗ್ಗ ಎಲ್ಲ ಕಾಲದಲ್ಲಿಯೂ ಸಿಗುತ್ತದೆಂದು ನಾನು ವಾದಿಸುವುದಿಲ್ಲ. 1955ರ ಆಗಸ್ಟಿನಲ್ಲಿ ಇಟಲಿಯ ವಾಲ್ಟರ್ ಬೊನಾಟ್ಟಿ ಆಲ್ಪ್ಸ್ ಪರ್ವತದ ಡ್ರೂ ಶಿಖರದ ನೈಋತ್ಯದ ಕಂಬವನ್ನು ಆರು ದಿನಗಳಲ್ಲಿ ಒಂಟಿಯಾಗಿ, ಹಗ್ಗದ ಸಹಾಯದಿಂದ ಏರಿದ. ಕೊನೆಕೊನೆಗೆ ಒಂದು ಕಡೆ ಮುಂದೆ ಹೋಗಲೂ ಆಗದೆ, ಹಿಂದೆ ಇಳಿಯಲೂ ಆಗದೆ ಸಿಕ್ಕಿಕೊಂಡ. ಹಗ್ಗದ ತುದಿಯಲ್ಲಿ ಗಂಟುಗಳನ್ನೂ ಕುಣಿಕೆಗಳನ್ನೂ ಹಾಕಿ, ದೂರದಲ್ಲಿ ಮೊಳೆಗಳಂತೆ ಚಾಚಿಕೊಂಡಿದ್ದ ಕಲ್ಲಿನ ಚೂಪುಗಳ ಕಡೆಗೆ ಮತ್ತೆ ಮತ್ತೆ ಎಸೆದ. ಕೊನೆಗೆ ಅದು ಸಿಕ್ಕಿಕೊಂಡಿತು. ಎಳೆದು ನೋಡಿ, ಅದಕ್ಕೆ ಜೋತುಬಿದ್ದು ತೂಗಿಕೊಂಡು ಆಚೆ ಹೋದ. ಆ ಕ್ಷಣದಲ್ಲಿ ಅವನಿಗೆ ಎರಡನೆಯದು ಯಾವುದೂ ಇರಲಿಲ್ಲ. ಅವನು ಅಲ್ಲಿ ಸೋಮಾರಿತನದಿಂದ ಏನನ್ನೂ ಬಿಟ್ಟಿರಲಿಲ್ಲ. ಇದ್ದ ಉಪಾಯಗಳೆಲ್ಲ ಮುಗಿದಿದ್ದವು. ಎರಡಕ್ಕೂ ವ್ಯತ್ಯಾಸವಿದೆ. (ಆ ಕಲ್ಲಿನ ಕಂಬವೇ 2005ರಲ್ಲಿ ಕುಸಿದು ಬಿತ್ತು.)

ಇದುವರೆಗೆ ಹೇಳಿದ್ದೆಲ್ಲ ತಾವೇ ಇಷ್ಟಪಟ್ಟು ಒಂಟಿಯಾದವರ ಮಾತು. ಇಷ್ಟಪಡದೆಯೇ ಹಗ್ಗದ ಮೇಲೆ ಒಂಟಿಯಾದವರೂ ಇದ್ದಾರೆ. ಶಿರಸಿ, ಸಿದ್ದಾಪುರಗಳ ಕಡೆಯ ವಾಚಕರು ಅಡಿಕೆ ಕೊಯ್ಲನ್ನು ನೆನಪಿಸಿಕೊಳ್ಳಲಿ. ಕೊನೆಗೌಡ ಕಾಲಿಗೆ ತಳೆ ಹಾಕಿಕೊಂಡು 50–60 ಅಡಿಯ ಮರ ಹತ್ತುತ್ತಾನೆ. ಇಳಿಯದೆ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಅವನ ಹತ್ತಿರ ಒಂದು ಹಗ್ಗವೂ ಇದೆ, ನೇಣು ಎನ್ನುತ್ತಾರೆ. ಕೆಳಗೆ ಅದನ್ನು ಹಿಡಿದು ನಿಲ್ಲುವ ಮನುಷ್ಯನೂ ಇದ್ದಾನೆ. ಬಂಡೆ ಹತ್ತುವವರಿಗೆ ಬೇಕಾದ ಎಲ್ಲವೂ ಇದೆ ಎನ್ನಬಹುದು. ಆದರೆ ಆ ಹಗ್ಗ ಇರುವುದು ಅಡಿಕೆಯ ಕೊನೆ ನೆಲಕ್ಕೆ ಬಡಿದು ಉದುರದಂತೆ ಜಾರಿ ಬರಲಿ ಎಂದು. ಕೊನೆಗೆ ಹಗ್ಗವುಂಟು, ಕೊನೆಗೌಡನಿಗೆ ಇಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಹತ್ತುವಾಗ ಮರ ಪಾಚಿಗಟ್ಟಿ ಜಾರುತ್ತಿರುತ್ತದೆ. ಈಚಿನ ವರ್ಷಗಳಲ್ಲಿ ಹಗುರವಾದ ಕಾರ್ಬನ್ ದೋಟಿಗಳು ಬಂದು, ನೆಲದ ಮೇಲೆ ನಿಂತೇ ಕೊಯ್ಯುವುದು, ಮದ್ದು ಹೊಡೆಯುವುದು ಸಾಧ್ಯವಾಗಿದೆ. ಹತ್ತುವವರು ಸಿಗುತ್ತಿಲ್ಲ ಎಂಬ ಕಾರಣಕ್ಕೆ ಅವು ಹೆಚ್ಚಾಗಿ ಬಂದವು, ಹತ್ತುವವರು ಬೀಳುತ್ತಾರೆ ಎಂಬ ಕಾರಣಕ್ಕೆ ಅಲ್ಲ.

ಚೆನ್ನೈಯಲ್ಲಿ ನಾವು ವಾಸವಾಗಿರುವ ಅಪಾರ್ಟ್‌ಮೆಂಟುಗಳಿಗೆ ನಾಲ್ಕೈದು ವರ್ಷಕ್ಕೊಮ್ಮೆ ಬಣ್ಣ ಹೊಡೆಸುತ್ತೇವೆ. ತಾರಸಿಯ ಕಂಬಕ್ಕೋ ನೀರಿನ ಟ್ಯಾಂಕಿನ ಕಾಲಿಗೋ ಕಟ್ಟಿದ ಹಗ್ಗದಲ್ಲಿ, ಒಂದು ಹಲಗೆಯ ಮೇಲೆ ಕೂತು, ಬಣ್ಣದ ಡಬ್ಬಿ ತೂಗಿಸಿಕೊಂಡು ಮನುಷ್ಯ ಕೆಳಗಿಳಿಯುತ್ತಾನೆ. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇರಾಟ ಎಂಬ ಸಂಸ್ಥೆ ಹಗ್ಗದ ಮೇಲೆ ಕೆಲಸ ಮಾಡುವವರಿಗೆ ಹಾಕಿದ ಮೂಲನಿಯಮ ಬಹಳ ಸರಳ: ಕೆಲಸದ ಹಗ್ಗ ಒಂದು, ಕಾವಲಿನ ಹಗ್ಗ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಆಧಾರ. ನಮ್ಮ ಗೋಡೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಒಂದೇ ಹಗ್ಗ. ನಿವಾಸಿಗಳ ಸಭೆಯಲ್ಲಿ ಬಣ್ಣದ ಕಂಪನಿ ಯಾವುದು, ಎಷ್ಟು ವರ್ಷದ ಗ್ಯಾರಂಟಿ ಎಂದು ಎರಡು ಗಂಟೆ ಚರ್ಚೆಯಾಗುತ್ತದೆ. ಹಗ್ಗ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಭಾನುವಾರ ಬಂಡೆಗೆ ಹೋಗುವ ಹುಡುಗನನ್ನು 'ಯಾಕಪ್ಪಾ?' ಎಂದು ಕೇಳುವ ನಮಗೆ, ಸೋಮವಾರ ನಮ್ಮ ಕಿಟಕಿಯ ಹೊರಗೆ ತೂಗಾಡುವವನನ್ನು ಕುರಿತು ಕೇಳುವ ಕರ್ತವ್ಯ ಇನ್ನೂ ಹೆಚ್ಚಿನದಲ್ಲವೆ? ಅವನ ಶನಿವಾರ ರಾತ್ರಿಯ ಯೋಚನೆಯನ್ನು ಮಾಡಬೇಕಾದವರು ಕೂಲಿ ಕೊಡುವ ನಾವು. ಎರಡನೆಯ ಹಗ್ಗದ ಖರ್ಚು ಅಂದಾಜುಪಟ್ಟಿಯಲ್ಲಿಯೇ ಸೇರಬೇಕು.

ಕೊನೆಯದಾಗಿ, ಹಗ್ಗವಲ್ಲದ ಒಂದು ರಕ್ಷಣೆಯ ಮಾತು. ಬಿದ್ದವನನ್ನು ಸಾಧನ ಹಿಡಿದರೂ, ಪೆಟ್ಟು ತಿಂದು ಸೊಂಟಪಟ್ಟಿಯಲ್ಲಿ ಅಲುಗಾಡದೆ ಬಹಳ ಹೊತ್ತು ಜೋತಾಡಿದರೆ ರಕ್ತಸಂಚಾರ ಕೆಟ್ಟು ಅದೇ ಪ್ರಾಣಾಂತಿಕವಾಗಬಹುದು. ಆಸ್ಟ್ರಿಯದ ಕಾರ್ಲ್ ಪ್ರುಸಿಕ್ 1931ರಲ್ಲಿ ತೋರಿಸಿಕೊಟ್ಟ ಸಣ್ಣ ದಾರದ ಕುಣಿಕೆಗಳಿಂದ ಹಗ್ಗದ ಮೇಲೆ ಹತ್ತಿ ಇಳಿದು ತನ್ನನ್ನು ಬಿಡಿಸಿಕೊಳ್ಳುವುದನ್ನು ಒಂಟಿ ಹೋಗುವವರು ಕಲಿತಿರುತ್ತಾರೆ. ಕೈ ಮುರಿದಿದ್ದರೆ ಅದೂ ಆಗದು. ಆಗ ಉಳಿಯುವುದು, ಅವನು ಎಲ್ಲಿದ್ದಾನೆಂದು ಬಲ್ಲ ಯಾರಾದರೊಬ್ಬರು. 2003ರಲ್ಲಿ ಅಮೆರಿಕದ ಆರನ್ ರಾಲ್ಸ್ಟನ್ ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳದೆ ಯೂಟಾದ ಕಂದರಕ್ಕೆ ಇಳಿದ. ಬಂಡೆಯೊಂದು ಉರುಳಿ ಕೈ ಸಿಕ್ಕಿಕೊಂಡು, ಐದು ದಿನ ಕಾದು, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಅದೇ 2018ರಲ್ಲಿ ನಮ್ಮ ಜ್ಯೋತಿರಾಜ್, ಕಾಣೆಯಾದವನೊಬ್ಬನನ್ನು ಹುಡುಕಲು ಜೋಗದ 830 ಅಡಿಯ ಕಮರಿಗೆ ಇಳಿದು, ರಾತ್ರಿಯೆಲ್ಲ ಸಂಪರ್ಕಕ್ಕೆ ಸಿಗದೆ ಹೋದರು. ಆದರೆ ಅವರು ಇಳಿದದ್ದು ಎಲ್ಲರಿಗೂ ಗೊತ್ತಿತ್ತು. ಹುಡುಕಲು ಜನ ಹೋದರು, ಮರುದಿನ ಸಿಕ್ಕರು.

ಮನೆಯಿಂದ ಹೊರಡುವಾಗ ನಾವು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತೇವೆ. ಇಲ್ಲಿಯವರೂ 'ಪೋಯಿಟ್ಟು ವರೇನ್' ಎನ್ನುತ್ತಾರೆ. ಅಪಶಕುನಕ್ಕೆ ಹೆದರಿ ಬಂದ ರೂಢಿ ಎಂದು ಇದನ್ನು ನಗೆಯಾಡುವವರಿದ್ದಾರೆ. ನನಗೆ ಅದು ಒಂದು ಒಪ್ಪಂದದಂತೆ ಕಾಣುತ್ತದೆ. ಅದರಲ್ಲಿ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬ ಎರಡು ವಿವರಗಳು ಮಾತ್ರ ಸೇರಬೇಕು. ಬುದ್ಧಿ ಹೇಳು ಎಂದಿದ್ದ ಅಕ್ಕನಿಗೆ ನಾನು ಅಷ್ಟನ್ನೇ ಹೇಳಿದೆ: ಅವನನ್ನು ನಿಲ್ಲಿಸುವುದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು, ಬಂಡೆಯ ಹೆಸರು, ಅದರ ಹತ್ತಿರದ ಹಳ್ಳಿ, ಅಲ್ಲಿಯ ಪೊಲೀಸ್ ಠಾಣೆಯ ನಂಬರು ಇಷ್ಟನ್ನು ಬರೆಸಿ ಇಟ್ಟುಕೋ. ಅವನು ಹೊರಡುವ ಹಿಂದಿನ ರಾತ್ರಿ ಆ ಚೀಟಿಯ ಫೋಟೋ ಈಗ ನನಗೂ ಬರುತ್ತದೆ. ಸಾಯಂಕಾಲ ಆರಕ್ಕೆ ಕೆಳಗಿಳಿದು ಫೋನು ಮಾಡಬೇಕು, ಏಳಾದರೂ ಬಾರದಿದ್ದರೆ ಅಕ್ಕ ಠಾಣೆಗೆ ಫೋನು ಮಾಡಬೇಕು ಎಂದು ಅದರ ಕೆಳಗೆ ಬರೆದಿರುತ್ತದೆ. ಅಲ್ಲಿ ಫೋನಿನ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಹುಡುಗ ಎಂಟು ಗಂಟೆ ಎಂದು ಹಾಕಿಸಲು ನೋಡಿದ, ಅಕ್ಕ ಒಪ್ಪಲಿಲ್ಲ.